ಐದು ಕಿಲೋಮೀಟರಿನ ಲಸಿಕೆ

2022ರಲ್ಲಿ ಮಂಗನ ಕಾಯಿಲೆಯ ಲಸಿಕೆ ನಿಂತುಹೋಯಿತು. ಅದರ ಸಾಮರ್ಥ್ಯ ಇರಬೇಕಾದ ಮಟ್ಟದಲ್ಲಿಲ್ಲ ಎಂದು ಪರೀಕ್ಷೆಗಳು ಹೇಳಿದವು, ಸರ್ಕಾರ ಕೊಡುವುದನ್ನು ಬಿಟ್ಟಿತು. 1990ರ ದಶಕದ ಆರಂಭದಿಂದ ಮಲೆನಾಡಿನ ಕಾಡಂಚಿನ ಹಳ್ಳಿಗಳ ಜನ ವರ್ಷ ವರ್ಷವೂ ತೋಳೊಡ್ಡಿ ಹಾಕಿಸಿಕೊಂಡ ಮದ್ದು ಅದು. ಕರ್ನಾಟಕದಲ್ಲೇ ತಯಾರಾಗಿ, ಕರ್ನಾಟಕದಲ್ಲೇ ಅತಿ ಹೆಚ್ಚು ಬಳಕೆಯಾದದ್ದು. ಅದು ನಿಂತ ಮೇಲೆ ಎರಡು ಮಾತು ಕೇಳಿಬಂದವು. ‘ಮೊದಲಿಂದಲೂ ಅದರಿಂದ ಏನೂ ಉಪಯೋಗ ಇರಲಿಲ್ಲ’ ಎನ್ನುವುದು ಒಂದು. ‘ಇದ್ದದ್ದೊಂದು ಆಸರೆಯೂ ಹೋಯಿತು’ ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಷ್ಟೇ ಇದೆ. ಮೊದಲಿಗೆ ಸೀಸೆಯೊಳಗಿನ ಮದ್ದಿನಲ್ಲಿ ಸತ್ವವಿತ್ತು. ಅದನ್ನು ಹಂಚಿದ ಕ್ರಮ ಈ ರೋಗಕ್ಕೆ ತಕ್ಕದ್ದಾಗಿರಲಿಲ್ಲ. ಮದ್ದು ಮತ್ತು ಕ್ರಮ ಎರಡನ್ನೂ ಕಾಲಕಾಲಕ್ಕೆ ಒರೆಗೆ ಹಚ್ಚಿ ನೋಡಲಿಲ್ಲ ಎಂಬುದು ಎಲ್ಲಕ್ಕಿಂತ ದೊಡ್ಡ ಲೋಪ.

ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತವು; ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಇದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಕಂಡುಕೊಂಡರು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗುದುರಿ ಆ ಜಾಗವೆಲ್ಲ ಅಪಾಯದ ತಾಣವಾಗುತ್ತದೆ. ಡಿಸೆಂಬರಿನಿಂದ ಮೇವರೆಗೆ, ಮರಿ ಉಣುಗುಗಳು ಕಾಡಿನ ನೆಲದಲ್ಲಿ ಹೆಚ್ಚಾಗಿರುವಾಗ, ರೋಗ ಕಾಣಿಸಿಕೊಳ್ಳುತ್ತದೆ. ವಿಪರೀತ ಜ್ವರ, ತಲೆನೋವು, ಎದ್ದು ನಿಲ್ಲಲಾಗದಷ್ಟು ಮೈಕೈ ನೋವು, ಕೆಲವರಿಗೆ ಮೂಗು ಬಾಯಲ್ಲಿ ರಕ್ತ. ಜ್ವರ ಇಳಿದು ಒಂದೆರಡು ವಾರವಾದ ಮೇಲೆ ಮತ್ತೆ ಮರುಕಳಿಸಿ ಮಿದುಳಿನ ಪೊರೆಯನ್ನು ಬಾಧಿಸುವುದೂ ಉಂಟು. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ. ದೇಹ ತಾನಾಗಿ ಗೆಲ್ಲುವವರೆಗೆ ಆರೈಕೆ ಮಾಡುವುದಷ್ಟೇ ವೈದ್ಯರ ಕೈಲಿರುವುದು. ಹಾಗಾಗಿ ಇಲ್ಲಿ ಲಸಿಕೆಗೆ ಬೇರೆ ರೋಗಗಳಲ್ಲಿ ಇರುವುದಕ್ಕಿಂತ ಹೆಚ್ಚಿನ ಬೆಲೆಯಿದೆ.

ಮೊದಲ ಪ್ರಯತ್ನ ಎರವಲಿನದು. ಈ ವೈರಸ್ ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್ಸಿನ ದಾಯಾದಿ ಎಂದು ಗೊತ್ತಾದ್ದರಿಂದ ಅದರ ಲಸಿಕೆಯನ್ನೇ ಇಲ್ಲಿಯ ಜನರಿಗೆ ಕೊಟ್ಟು ನೋಡಿದರು, ಫಲ ಸಿಗಲಿಲ್ಲ. ಆಮೇಲೆ ಪುಣೆಯ ವಿಜ್ಞಾನಿಗಳು ಕ್ಯಾಸನೂರಿನ ವೈರಸ್ಸನ್ನೇ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿರ್ಜೀವಗೊಳಿಸಿ ಲಸಿಕೆ ಮಾಡಿದರು. ಆ ಕಾಲಕ್ಕೆ ಅದು ಸಣ್ಣ ಸಾಧನೆಯಲ್ಲ. 1990ರಿಂದ 92ರವರೆಗೆ ಕರ್ನಾಟಕದ ಹಳ್ಳಿಗಳಲ್ಲಿ ನಡೆದ ಕ್ಷೇತ್ರ ಪರೀಕ್ಷೆಯಲ್ಲಿ ಒಂದು ಡೋಸ್ ಪಡೆದವರಿಗೆ ಶೇ 79.3, ಎರಡು ಡೋಸ್ ಪಡೆದವರಿಗೆ ಶೇ 93.5 ರಕ್ಷಣೆ ಸಿಕ್ಕಿತೆಂಬ ಫಲಿತಾಂಶ ಬಂತು. ಮುಂದಿನ ಮೂರು ದಶಕ ಕಾರ್ಯಕ್ರಮ ನಡೆದದ್ದು ಈ ಎರಡು ಅಂಕಿಗಳ ಬಲದ ಮೇಲೆ.

ಆ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವಲ್ಲ ಅದು. ಲಸಿಕೆ ಹಾಕಿಸಿಕೊಂಡವರನ್ನು ಹಾಕಿಸಿಕೊಳ್ಳದವರ ಜೊತೆ ಹೋಲಿಸಿ ತೆಗೆದ ಲೆಕ್ಕ. ಲಸಿಕೆ ಶಿಬಿರಕ್ಕೆ ಬರುವವರು ಯಾರು? ಊರ ನಡುವೆ ಇರುವವರು, ಮನೆಯಲ್ಲಿ ಇರುವವರು, ಒಂದು ದಿನದ ಕೂಲಿ ಬಿಟ್ಟರೂ ನಡೆಯುವವರು. ಬೆಳಗಾದರೆ ಕಾಡಿಗೆ ಹೋಗಲೇಬೇಕಾದವರು ಶಿಬಿರದ ಹೊತ್ತಿಗೆ ಊರಲ್ಲೇ ಇರುವುದಿಲ್ಲ. ಉಣುಗು ಕಚ್ಚುವುದು ಈ ಎರಡನೆಯವರನ್ನು. ಲಸಿಕೆ ಪಡೆದವರಲ್ಲಿ ರೋಗ ಕಡಿಮೆ ಕಂಡದ್ದರಲ್ಲಿ ಲಸಿಕೆಯ ಪಾಲೆಷ್ಟು, ಕಾಡಿಗೆ ಹೋಗದಿದ್ದುದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಇಂಥ ಲೆಕ್ಕಕ್ಕೆ ಆಗದು.

2005ರಿಂದ 2010ರವರೆಗಿನ ಪ್ರಕರಣಗಳನ್ನು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದಾಗ ಚಿತ್ರ ಬದಲಾಗಿತ್ತು. ಎರಡು ಡೋಸ್ ಪಡೆದವರಿಗೆ ಶೇ 62.4 ರಕ್ಷಣೆ, ಎರಡರ ಮೇಲೆ ಬೂಸ್ಟರ್ ಕೂಡ ಪಡೆದವರಿಗೆ ಶೇ 82.9. ಹೊಸ ಲೆಕ್ಕದಲ್ಲಿ ಎರಡು ಡೋಸ್ ಜೊತೆಗೆ ಬೂಸ್ಟರ್ ಸೇರಿದರೂ ಹಿಂದಿನ ಎರಡೇ ಡೋಸಿನ ಅಂಕಿಯನ್ನು ಮುಟ್ಟಲಿಲ್ಲ. 2013–14ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ರೋಗ ಎದ್ದಾಗ ನಡೆದ ತನಿಖೆ ಇನ್ನೂ ಖಾರವಾಗಿ ಹೇಳಿತು: ಲಸಿಕೆ ಪಡೆದವರೇ ಕಡಿಮೆ, ಪಡೆದವರಿಗೂ ರಕ್ಷಣೆ ಕಡಿಮೆ, ಲಸಿಕೆಗೆ ಆರಿಸಿದ ಪ್ರದೇಶದ ಆಚೆಗೂ ರೋಗ ಹಬ್ಬಿದೆ, ಲಸಿಕೆ ಸಿಗದ ವಯಸ್ಸಿನವರಿಗೂ ತಗುಲಿದೆ, ಆದ್ದರಿಂದ ಇಡೀ ಕ್ರಮವನ್ನು ಮರುಪರಿಶೀಲಿಸಬೇಕು. ಈ ಮಾತು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಅಚ್ಚಾದದ್ದು 2015ರಲ್ಲಿ. ಲಸಿಕೆ ನಿಂತದ್ದು ಏಳು ವರ್ಷದ ನಂತರ. ಆ ಏಳು ವರ್ಷಗಳಲ್ಲಿ ಶಿಬಿರಕ್ಕೆ ಬಂದು ತೋಳೊಡ್ಡಿದವರಿಗೆ ಈ ಅಂಕಿಗಳನ್ನು ತಿಳಿಯುವ ಹಕ್ಕಿತ್ತು. ಲಸಿಕೆ ಹಾಕಿಸಿಕೊಂಡಿದ್ದೇನೆ ಎಂಬ ಧೈರ್ಯದಿಂದ ಮೈಗೆ ಉಣುಗು ನಿರೋಧಕ ಎಣ್ಣೆ ಹಚ್ಚದೆ ಕಾಡಿಗೆ ಹೋದವರು ಇರಲಾರರೇ?

ಈಗ ಕ್ರಮದ ಮಾತು. ಈ ಕಾರ್ಯಕ್ರಮದ ಮೂಲ ದೋಷ ಇದ್ದದ್ದು ಇಲ್ಲೇ. ಮಂಗದಲ್ಲಾಗಲಿ, ಮನುಷ್ಯರಲ್ಲಾಗಲಿ, ಉಣುಗಿನಲ್ಲಾಗಲಿ ವೈರಸ್ ಪತ್ತೆಯಾದ ಜಾಗದಿಂದ ಐದು ಕಿಲೋಮೀಟರ್ ವ್ಯಾಪ್ತಿಯ ಹಳ್ಳಿಗಳನ್ನು ಗುರುತಿಸಿ, ಅಲ್ಲಿಯವರಿಗೆ ಮಳೆಗಾಲ ಮುಗಿಯುವ ಹೊತ್ತಿನಿಂದ ಲಸಿಕೆ ಹಾಕುವುದು ಪದ್ಧತಿಯಾಗಿತ್ತು. ಸಿಡುಬನ್ನು ಗೆದ್ದದ್ದು ಇದನ್ನೇ ಹೋಲುವ ಉಪಾಯದಿಂದ: ರೋಗಿ ಕಂಡ ಕೂಡಲೇ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ ಬೇಲಿ ಕಟ್ಟಿದರು, 1975ರ ಮೇ ತಿಂಗಳಲ್ಲಿ ಭಾರತ ಕೊನೆಯ ರೋಗಿಯನ್ನು ಕಂಡಿತು. ಅಲ್ಲಿ ಬೇಲಿ ನಿಂತದ್ದೇಕೆಂದರೆ ಸಿಡುಬು ದಾಟುತ್ತಿದ್ದುದು ಮನುಷ್ಯನಿಂದ ಮನುಷ್ಯನಿಗೆ ಮಾತ್ರ. ಮಂಗನ ಕಾಯಿಲೆಯಲ್ಲಿ ಮನುಷ್ಯನಿಂದ ಮನುಷ್ಯನಿಗೆ ರೋಗ ದಾಟುವುದೇ ಇಲ್ಲ. ವೈರಸ್ಸಿನ ಓಡಾಟವೆಲ್ಲ ಉಣುಗು, ಇಲಿ, ಅಳಿಲು, ಹಕ್ಕಿ, ಮಂಗಗಳ ನಡುವೆ; ಮನುಷ್ಯ ಅದಕ್ಕೆ ದಾರಿಯ ಕೊನೆ. ಒಂದು ಊರಿನ ಎಲ್ಲರಿಗೂ ಲಸಿಕೆ ಹಾಕಿದರೂ ಕಾಡಿನ ಒಂದು ಉಣುಗಿನಲ್ಲೂ ವೈರಸ್ ಕಡಿಮೆಯಾಗುವುದಿಲ್ಲ. ಪಕ್ಕದ ಮನೆಯವರು ಹಾಕಿಸಿಕೊಂಡಿದ್ದಾರೆಂದು ನಮಗೆ ರಕ್ಷಣೆ ಸಿಗುವುದಿಲ್ಲ. ಪೋಲಿಯೊ, ದಡಾರಗಳಲ್ಲಿ ಹೆಚ್ಚು ಮಂದಿ ಲಸಿಕೆ ಪಡೆದರೆ ಉಳಿದವರೂ ಬಚಾವಾಗುತ್ತಾರೆ. ಇಲ್ಲಿ ಪ್ರತಿಯೊಬ್ಬರೂ ತಮ್ಮ ರಕ್ಷಣೆಯನ್ನು ತಾವೇ ಪಡೆಯಬೇಕು.

ಇದನ್ನು ಒಪ್ಪಿಕೊಂಡರೆ ಐದು ಕಿಲೋಮೀಟರಿನ ವೃತ್ತಕ್ಕೆ ಅರ್ಥ ಉಳಿಯುವುದಿಲ್ಲ. ಹೋದ ವರ್ಷ ಮಂಗ ಸತ್ತ ಜಾಗದಲ್ಲೇ ಈ ವರ್ಷವೂ ರೋಗ ಏಳುತ್ತದೆಂಬ ಭರವಸೆ ಎಲ್ಲಿದೆ? 1982ರ ಹೊತ್ತಿಗೆ ರೋಗ ಸೊರಬದಿಂದ ಬಹುದೂರದ ಬೆಳ್ತಂಗಡಿ ತಾಲೂಕಿನಲ್ಲಿ ಎದ್ದಿತು. 2012ರ ಕೊನೆಗೆ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಸುಡುವ ಕೆಲಸ ಮಾಡಿದ ಅರಣ್ಯ ಸಿಬ್ಬಂದಿಗೆ ತಗುಲಿತು. ಮುಂದೆ ವಯನಾಡು, ಗೋವಾ, ಸಿಂಧುದುರ್ಗ. 2018–19ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಸಾಲು ಸಾವುಗಳಾದವು. ರೋಗ ಪ್ರತಿ ಸಲವೂ ನಕ್ಷೆಯ ಗೆರೆ ದಾಟಿಯೇ ಬಂದಿದೆ. ಹಾಗೆ ದಾಟಿದ ಮೇಲೆ ಲಸಿಕೆ ತಂದರೆ ಹೊತ್ತು ಮೀರಿರುತ್ತದೆ: ಎರಡು ಡೋಸಿನ ನಡುವೆ ಒಂದು ತಿಂಗಳು, ಆಮೇಲೆ ರಕ್ಷಣೆ ಹುಟ್ಟಲು ಇನ್ನಷ್ಟು ದಿನ. ಜನವರಿಯಲ್ಲಿ ಮೊದಲ ಚುಚ್ಚು ಬಿದ್ದವರಿಗೆ ಅದು ಫಲಿಸುವಷ್ಟರಲ್ಲಿ ರೋಗದ ಕಾಲದ ಅತಿ ಕೆಟ್ಟ ವಾರಗಳು ಕಳೆದಿರುತ್ತವೆ.

ಇದೇ ವೈರಸ್ ಕುಲದ, ಉಣುಗಿನಿಂದಲೇ ಹರಡುವ ಮಿದುಳು ಜ್ವರ ಯುರೋಪಿನಲ್ಲೂ ಇದೆ. ಅಲ್ಲಿಯೂ ಮನುಷ್ಯ ವೈರಸ್ಸಿಗೆ ದಾರಿಯ ಕೊನೆಯೇ. ಆಸ್ಟ್ರಿಯಾ ಅದರ ವಿರುದ್ಧ ನಿರ್ಜೀವ ವೈರಸ್ಸಿನ ಲಸಿಕೆಯನ್ನು 1970ರ ದಶಕದಲ್ಲಿ ತಯಾರಿಸಿ, ಶುದ್ಧೀಕರಿಸಿ ನೋವು, ಜ್ವರಗಳನ್ನು ತಗ್ಗಿಸಿ, 1981ರಿಂದ ದೇಶಕ್ಕೆಲ್ಲ ಸೇರಿ ಅಭಿಯಾನ ನಡೆಸಿತು. ರೋಗಿ ಕಂಡ ಜಾಗಕ್ಕೆ ವೃತ್ತ ಎಳೆಯಲಿಲ್ಲ. ಹತ್ತರಲ್ಲಿ ಎಂಟು ಮಂದಿಗಿಂತ ಹೆಚ್ಚು ಜನ ಲಸಿಕೆ ಪಡೆದರು, ರೋಗ ಗಣನೀಯವಾಗಿ ಇಳಿಯಿತು, ಲಸಿಕೆ ಪಡೆಯದವರಲ್ಲಿ ಮಾತ್ರ ಮೊದಲಿನಷ್ಟೇ ಉಳಿಯಿತು. ಆಸ್ಟ್ರಿಯಾದ ಹಣ, ಆಸ್ಪತ್ರೆ ನಮಗಿಲ್ಲ ಎಂಬುದು ನಿಜ. ಆದರೆ ನಮ್ಮದು ಇಡೀ ದೇಶದ ಕೆಲಸವೂ ಅಲ್ಲ. ಪಶ್ಚಿಮ ಘಟ್ಟದ ಕೆಲವು ತಾಲೂಕುಗಳದು. ಆ ತಾಲೂಕುಗಳ ಕಾಡಂಚಿನವರಿಗೆಲ್ಲ, ಮಂಗ ಸಾಯಲಿ ಬಿಡಲಿ, ಲಸಿಕೆ ಕೊಡುವುದು ಅಸಾಧ್ಯದ ಮಾತಾಗಿರಲಿಲ್ಲ.

ಅಷ್ಟೂ ಜನ ಹಾಕಿಸಿಕೊಳ್ಳುತ್ತಿದ್ದರೇ ಎಂದು ಕೇಳಬಹುದು. ಹಾಕಿಸಿಕೊಳ್ಳಲಿಲ್ಲ, ಮತ್ತು ಅದಕ್ಕೆ ‘ಜನರಲ್ಲಿ ತಿಳಿವಳಿಕೆ ಇಲ್ಲ’ ಎಂಬ ಉತ್ತರ ಇಲಾಖೆಯ ಸಭೆಗಳಲ್ಲಿ ಸಿದ್ಧವಾಗಿರುತ್ತದೆ. ಆ ಉತ್ತರ ನನಗೆ ಒಪ್ಪಿಗೆಯಿಲ್ಲ. ಈ ಲಸಿಕೆ ನೋಯುತ್ತಿತ್ತು. ಚುಚ್ಚಿದ ಜಾಗ ಊದಿಕೊಂಡು ತೋಳೆತ್ತಲು ಆಗುತ್ತಿರಲಿಲ್ಲ ಎಂಬುದು ಊರೂರಿನ ದೂರು. ಪಟ್ಟಿಯ ಪ್ರಕಾರ ನಡೆದರೆ ಮೊದಲು ಎರಡು ಚುಚ್ಚು, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಒಟ್ಟು ಎಂಟು. ಲಸಿಕೆ ಹಾಕುತ್ತಿದ್ದ ತಿಂಗಳುಗಳು ಅಡಿಕೆ ಕೊಯ್ಲು, ಭತ್ತದ ಕೊಯ್ಲು ಆರಂಭವಾಗುವ ತಿಂಗಳುಗಳೂ ಹೌದು. ಕೊನೆ ಕೊಯ್ಯುವವನಿಗೆ, ಅಡಿಕೆ ಸುಲಿಯುವ ಹೆಂಗಸಿಗೆ ತೋಳೇ ಕೂಲಿ. ಎರಡು ದಿನ ತೋಳು ಬಿದ್ದರೆ ಎರಡು ದಿನದ ಸಂಪಾದನೆ ಹೋಯಿತು. ಹೀಗಿದ್ದೂ ಮೊದಲ ಡೋಸಿಗೆ ಬಂದು, ನೋವುಂಡು, ಎರಡನೆಯದಕ್ಕೆ ಬಾರದೆ ಉಳಿದವರನ್ನು ಅಜ್ಞಾನಿಗಳೆನ್ನುವುದು ಅನ್ಯಾಯ. ಆ ನೋವಿಗೆ ಪರಿಹಾರ ಹುಡುಕುವುದು, ಚುಚ್ಚುಗಳ ಸಂಖ್ಯೆ ಇಳಿಸುವುದು, ಕೂಲಿ ಹೋದ ದಿನಕ್ಕೆ ಹಣ ಕೊಡುವುದು ವಿಜ್ಞಾನಿಗಳ ಮತ್ತು ಸರ್ಕಾರದ ಕೆಲಸವಾಗಿತ್ತು.

ವಯಸ್ಸಿನ ಮಿತಿಯನ್ನೂ ಇಲ್ಲೇ ಹೇಳಬೇಕು. ಚಿಕ್ಕ ಮಕ್ಕಳಿಗೆ, 65 ದಾಟಿದವರಿಗೆ ಈ ಲಸಿಕೆ ಇರಲಿಲ್ಲ. ಮಲೆನಾಡಿನಲ್ಲಿ ಸೊಪ್ಪಿನ ಬೆಟ್ಟದಿಂದ ದರಕು (ಉದುರಿದ ಒಣ ಎಲೆ) ಗುಡಿಸಿ ತರುವುದು, ದನ ಹೊಡೆದುಕೊಂಡು ಹೋಗುವುದು ಎಷ್ಟೋ ಮನೆಗಳಲ್ಲಿ ವಯಸ್ಸಾದವರ ಪಾಲಿನ ಕೆಲಸ. ದರಕು ಗುಡಿಸುವ ಕಾಲ, ಮರಿ ಉಣುಗಿನ ಕಾಲ ಎರಡೂ ಒಂದೇ. ಕಾಡಿನ ನೆಲಕ್ಕೆ ಅತಿ ಹತ್ತಿರ ಬಾಗುವವರು ಲಸಿಕೆಯ ಹೊರಗೆ ಉಳಿದರು.

ಮೆಚ್ಚಬೇಕಾದ್ದನ್ನು ಮೆಚ್ಚದೆ ಹೋದರೆ ವಿಮರ್ಶೆ ಪೂರ್ತಿಯಾಗದು. ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯ, ಮಂಗ ಸತ್ತ ಸುದ್ದಿ ಬಂದಲ್ಲಿಗೆ ಓಡುವ ಪಶುವೈದ್ಯರು, ಉಣುಗು ದೂರವಿಡುವ ಡೇಪಾ ಎಣ್ಣೆ ಹಿಡಿದು ಗುಡ್ಡ ಹತ್ತಿಳಿಯುವ ಆಶಾ ಕಾರ್ಯಕರ್ತೆಯರು: ಈ ರೋಗದ ವಿರುದ್ಧ ನಿಂತದ್ದು ಇವರ ಶ್ರಮ. ಮಂಗದ ಸಾವನ್ನು ಮುನ್ಸೂಚನೆಯಾಗಿ ಹಿಡಿಯುವ ವ್ಯವಸ್ಥೆ ನಿಜಕ್ಕೂ ಒಳ್ಳೆಯದು. ಆದರೆ ಎಣ್ಣೆಯ ಕಾವಲು ಕೆಲವು ಗಂಟೆಯದು. ಬೆವರಿಗೆ, ನೀರಿಗೆ ಹೋಗಿಬಿಡುತ್ತದೆ. ಲಸಿಕೆ ನಿಂತ ಮೇಲೆ ಜನರ ಕೈಲಿ ಉಳಿದದ್ದು ಬಹುಪಾಲು ಅದೊಂದೇ. 2024ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮತ್ತೆ ಜನ ಸತ್ತರು. ಶಕ್ತಿಯಿಲ್ಲದ ಲಸಿಕೆಯನ್ನು ನಿಲ್ಲಿಸಿದ್ದು ಸರಿಯಾದ ನಿರ್ಧಾರ. ಬದಲಿ ಲಸಿಕೆಯನ್ನು ಸಿದ್ಧ ಮಾಡಿಕೊಳ್ಳದೆ ಅದುವರೆಗೆ ಕಾದದ್ದು ತಪ್ಪು. ಎಚ್ಚರಿಕೆ ಬಂದಾಗಲೇ ಹೊಸ ಲಸಿಕೆಯ ಕೆಲಸ ಶುರುವಾಗಿದ್ದರೆ ಈ ಬರಿದಾದ ವರ್ಷಗಳು ಇರುತ್ತಿರಲಿಲ್ಲ.

ಈಗ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಎರಡು ಡೋಸಿನ ಹೊಸ ಲಸಿಕೆಯನ್ನು ರೂಪಿಸುತ್ತಿವೆ. ಅದು ಬರಲಿ, ಬೇಗ ಬರಲಿ. ಬಂದಾಗ ಹಳೆಯ ವೃತ್ತದೊಳಗೆ ಅದನ್ನು ಕೂರಿಸಬಾರದು. ಲಸಿಕೆ ಯಾರಿಗೆ ಎಂಬುದನ್ನು ಹೋದ ವರ್ಷದ ಸಾವಿನ ನಕ್ಷೆ ನೋಡಿ ನಿರ್ಧರಿಸದೆ, ಯಾರು ಕಾಡಿಗೆ ಹೋಗುತ್ತಾರೆ ಎಂಬುದನ್ನು ನೋಡಿ ನಿರ್ಧರಿಸಲಿ. ವಯಸ್ಸಾದವರ ಮೇಲೂ ಪ್ರಯೋಗ ನಡೆಸಿ ಅವರನ್ನು ಒಳಗೆ ತರಲಿ. ಶಿಬಿರ ಕೊಯ್ಲಿಗೆ ಮುಂಚೆ, ಸಂಜೆ ಹೊತ್ತಲ್ಲಿ, ಕೂಲಿಯವರ ಕೇರಿಯಲ್ಲೇ ನಡೆಯಲಿ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಆರೋಗ್ಯ ಇಲಾಖೆ ಒಂದು ಪುಟದ ವರದಿ ಕೊಡಲಿ: ಯಾವ ಊರಲ್ಲಿ ಎಷ್ಟು ಮಂದಿಗೆ ಎರಡೂ ಡೋಸ್ ಆಯಿತು, ಅವರಲ್ಲಿ ಎಷ್ಟು ಮಂದಿಗೆ ರೋಗ ಬಂತು, ಲಸಿಕೆ ಪಡೆಯದವರಲ್ಲಿ ಎಷ್ಟು ಮಂದಿಗೆ ಬಂತು. ಆ ವರದಿಯನ್ನು ಕನ್ನಡದಲ್ಲಿ ಬರೆದು ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಲಿ. ಕಾಡಂಚಿನ ಹಳ್ಳಿಗಳ ಓದುಗರೇ, ಆ ಹಾಳೆ ಗೋಡೆಯ ಮೇಲೆ ಕಾಣದ ವರ್ಷ ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಕೇಳಿ.