ರಂಗೀನ್ ಮಹಲಿನ ಚಿಪ್ಪಿನ ಕೆಲಸ

ಬಾತಿಯಿಂದ ಹರಿಹರ ದೂರವೇನಲ್ಲ. ಅಲ್ಲಿನ ಹರಿಹರೇಶ್ವರ ದೇವಾಲಯದ ನುಣುಪಾದ ಕಂಬಗಳ ಮುಂದೆ ನಿಂತು, ಹೊಯ್ಸಳರ ಕಾಲದ ಕುಶಲಕರ್ಮಿ ಕಲ್ಲಿಗೆ ಹೊಳಪು ತಂದ ಬಗೆಯನ್ನು ನಾವು ಕೊಂಡಾಡುತ್ತೇವೆ. ಬೀದರ್ ಕೋಟೆಯ ರಂಗೀನ್ ಮಹಲನ್ನು ಅಷ್ಟೇ ಗಮನವಿಟ್ಟು ನೋಡಿದ್ದೇವೆಯೇ? 'ಹಿಂದೂ-ಮುಸ್ಲಿಂ ಶೈಲಿಗಳ ಸಂಗಮ' ಎಂದು ಹೇಳಿ ಮುಂದೆ ನಡೆಯುತ್ತೇವೆ. ಮಾತು ಸುಳ್ಳಲ್ಲ. ಆದರೆ ಅದನ್ನು ಹೇಳಿಬಿಟ್ಟರೆ ನೋಡುವ ಕೆಲಸ ಮುಗಿಯಿತೆಂದು ಭಾವಿಸುವುದು ತಪ್ಪು.

ಬರೀದ್‌ಶಾಹಿ ದೊರೆ ಅಲಿ ಬರೀದನ ಕಾಲದ (1542-1580) ಈ ಮಹಲಿನಲ್ಲಿ ಕೆತ್ತನೆಯ ಮರದ ಕಂಬಗಳಿವೆ, ಬಣ್ಣದ ಬಿಲ್ಲೆಗಳಿವೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ. ರಂಗೀನ್ ಎಂದರೆ ಬಣ್ಣಬಣ್ಣದ್ದು. ಸೋಜಿಗವೆಂದರೆ, ಈ ಚಿಪ್ಪಿನಲ್ಲಿ ಬಳಿದ ಬಣ್ಣವೇ ಇಲ್ಲ. ಮೃದ್ವಂಗಿಯೊಂದು ತನ್ನ ಚಿಪ್ಪಿನ ಒಳಮೈಗೆ ಪದರ ಪದರವಾಗಿ ಹಚ್ಚಿದ ಸುಣ್ಣದ ಅಂಶ ಅದು. ಆ ಅತಿ ತೆಳು ಪದರಗಳ ನಡುವೆ ಬೆಳಕು ಮರಳಿ ಚಿಮ್ಮುವುದರಿಂದ ಹಸಿರು, ಗುಲಾಬಿ, ನೀಲಿ ಕಾಣುತ್ತವೆ. ನೋಡುವವನು ಒಂದು ಹೆಜ್ಜೆ ಸರಿದರೆ ಬಣ್ಣವೂ ಬದಲಾಗುತ್ತದೆ. ಬಿಳಿ ಗೋಡೆಯಲ್ಲಿ ಇದು ಕಳೆದುಹೋಗುತ್ತಿತ್ತು. ಕಪ್ಪು ಕಲ್ಲನ್ನು ಆರಿಸಿಕೊಂಡದ್ದರಲ್ಲೇ ಕಲಾವಿದನ ವಿವೇಕವಿದೆ. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕಸುಬೂ ಇದೇ ಊರಿನದು ಎಂಬುದನ್ನು ಇಲ್ಲಿ ನೆನೆಯಬೇಕು.

ಸಂಗಮ ಎಂಬ ಮಾತಿಗೆ ಅರ್ಥ ಸಿಗುವುದೂ ಈ ಕೆಲಸದಲ್ಲಿಯೇ. ಚಿಪ್ಪಿನ ತುಂಡಿನ ಅಳತೆಗೆ ಕಲ್ಲನ್ನು ಕೊರೆಯಬೇಕು. ಸಡಿಲವಾದರೆ ಚಿಪ್ಪು ಉದುರುತ್ತದೆ, ಬಿಗಿಯಾದರೆ ಒಡೆಯುತ್ತದೆ. ಕೂತ ಮೇಲೆ ಕಲ್ಲು ಕಲ್ಲಾಗಿಯೇ ಇರುತ್ತದೆ, ಚಿಪ್ಪು ಚಿಪ್ಪಾಗಿಯೇ ಇರುತ್ತದೆ. ಒಂದರಲ್ಲೊಂದು ಕರಗಿಹೋಗುವುದನ್ನೇ ಸೌಹಾರ್ದ ಎಂದುಕೊಂಡವರು ಇದನ್ನು ನೋಡಬೇಕು.

ಇನ್ನೊಂದು ಮಾತನ್ನು ನಮಗೆ ನಾವೇ ಹೇಳಿಕೊಳ್ಳಬೇಕಾಗಿದೆ. ಇಂಥ ಗೋಡೆಗಳ ಮೇಲೆ ಆ ಲಿಪಿ ಕಂಡೊಡನೆ ಕುರ್‌ಆನ್ ವಚನವೆಂದು ತಲೆಬಾಗುವ ಮುಸ್ಲಿಮರಿದ್ದಾರೆ, ಬರೀ ಬಳ್ಳಿಯೆಂದು ದಾಟಿಹೋಗುವ ಇತರರಿದ್ದಾರೆ. ರಂಗೀನ್ ಮಹಲಿನಲ್ಲಿ ಚಿಪ್ಪಿನಿಂದ ಬರೆದಿರುವುದು ಪಾರಸಿ ಕವಿತೆ. ಇಬ್ಬರೂ ಓದದೆ ಉಳಿದರು. ಗುಲಾಂ ಯಜ್ದಾನಿಯವರು ಬೀದರಿನ ಸ್ಮಾರಕಗಳನ್ನು ವಿವರವಾಗಿ ದಾಖಲಿಸಿದ ಇಂಗ್ಲಿಷ್ ಗ್ರಂಥ 1947ರಲ್ಲೇ ಹೊರಬಂದಿದೆ. ಕೋಟೆಗೆ ಪ್ರವಾಸ ಬರುವ ಶಾಲಾ ಮಕ್ಕಳ ಕೈಗೆ ಆ ಸಾಲುಗಳ ಅರ್ಥ ಕನ್ನಡದಲ್ಲಿ ಸಿಗಬೇಕು. ಕನ್ನಡ ನೆಲದ ಗೋಡೆಯ ಮೇಲಿನ ಕವಿತೆ ಕನ್ನಡಿಗರಿಗೆ ಅರ್ಥವಾಗಬೇಕೆಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.