ಕೋಠಿಯ ಆರು ಕಂಬಗಳು

ಮೈಸೂರಿನ ಸರ್ಕಾರಿ ಭವನದ ಕಂಬಗಳು ಡೋರಿಕ್. ಬೆಂಗಳೂರಿನ ಅಠಾರ ಕಚೇರಿಯವು ಅಯೋನಿಕ್. ಗ್ರೀಕರ ಮೂರನೆಯ ಬಗೆಯಾದ ಕೊರಿಂಥಿಯನ್ ಕಂಬವನ್ನು ಅದರ ಪೂರ್ಣ ಠೀವಿಯಲ್ಲಿ ಕಾಣಬೇಕೆಂದರೆ ಹೈದರಾಬಾದಿನ ಕೋಠಿಯಲ್ಲಿರುವ ರೆಸಿಡೆನ್ಸಿಗೆ ಹೋಗಬೇಕು. ಊರವರ ಬಾಯಲ್ಲಿ ಅದು ಇಂದಿಗೂ ‘ಕೋಠಿ ವುಮೆನ್ಸ್ ಕಾಲೇಜು’. ಕಟ್ಟಿದ್ದು ಮಾತ್ರ ರೆಸಿಡೆಂಟನ, ಅಂದರೆ ಹೈದರಾಬಾದನ್ನು ಆಳುತ್ತಿದ್ದ ನಿಜಾಮರ ದರ್ಬಾರಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯ, ಮನೆ ಮತ್ತು ಕಚೇರಿಯಾಗಿ.

ಮೆಟ್ಟಿಲ ಬುಡದಲ್ಲಿ ಎರಡು ಸಿಂಹಗಳು. ಮೇಲೆ ಎರಡು ಅಂತಸ್ತಿನ ಎತ್ತರಕ್ಕೂ ಏರಿದ ಆರು ಕಂಬಗಳು, ಅವುಗಳ ನೆತ್ತಿಯಲ್ಲಿ ತ್ರಿಕೋನದ ಮುಖಪಟ್ಟಿ, ಅದರೊಳಗೆ ಕಂಪನಿಯ ಲಾಂಛನ. ಹೆಚ್ಚಿನವರು ಇಷ್ಟು ನೋಡಿ ಒಳಗೆ ಹೋಗಿಬಿಡುತ್ತಾರೆ. ಅಲ್ಲೇ ನಿಂತು ಕತ್ತೆತ್ತಿ ಕಂಬದ ತಲೆಯನ್ನು ನೋಡಬೇಕು. ಡೋರಿಕ್ ಕಂಬದ ತಲೆ ದುಂಡು ದಿಂಬಿನ ಮೇಲೊಂದು ಚಪ್ಪಟೆ ಹಲಗೆ, ಅಯೋನಿಕ್‌ನದು ಎರಡು ಸುರುಳಿ. ಕೊರಿಂಥಿಯನ್‌ನಲ್ಲಿ ಅಕಾಂಥಸ್ ಗಿಡದ ಎಲೆಗಳು ಸುತ್ತುಸುತ್ತಾಗಿ ಮೇಲೆದ್ದು ತುದಿಯಲ್ಲಿ ಹೊರಕ್ಕೆ ಬಾಗುತ್ತವೆ. ಗ್ರೀಸ್‌ನಲ್ಲಾಗಿದ್ದರೆ ಇದನ್ನು ಅಮೃತಶಿಲೆಯಲ್ಲಿ ಕಡೆಯುತ್ತಿದ್ದರು. ಇಲ್ಲಿ ಒಳಗಿರುವುದು ಇಟ್ಟಿಗೆ, ಹೊರಗೆ ಕಾಣುವುದು ಸುಣ್ಣದ ಗಾರೆ. ಆ ಎಲೆಗಳನ್ನು ಉಳಿ ಕೆತ್ತಿಲ್ಲ. ಹಸಿ ಗಾರೆಯಲ್ಲಿ ಕರಣೆ ಮತ್ತು ಕೈಬೆರಳು ತಿದ್ದಿವೆ. ಗಾರೆ ಬಿಗಿಯುವುದರೊಳಗೆ ಎಲೆಯ ಅಂಚು, ನರ, ಬಾಗು ಎಲ್ಲ ಮುಗಿದಿರಬೇಕು. ಈ ಕಟ್ಟಡದ ನಿಜವಾದ ವೈಭವ ಇರುವುದು ಈ ಗಾರೆ ಕೆಲಸದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಕ್ಷೆ ಬರೆದವನು ಮದ್ರಾಸ್ ಎಂಜಿನಿಯರ್ಸ್ ದಳದ ಲೆಫ್ಟಿನೆಂಟ್ ಸ್ಯಾಮ್ಯುಯೆಲ್ ರಸೆಲ್. ಕಟ್ಟಿಸಿದವನು ರೆಸಿಡೆಂಟ್ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್. ಕೆಲಸ ಶುರುವಾದದ್ದು 1803ರ ಹೊತ್ತಿಗೆ. ಅದಕ್ಕೂ ಮೊದಲಿನ ಒಂದು ಪ್ರಸಂಗವನ್ನು, ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಜಾನ್ ಮಾಲ್ಕಮ್ ಹೇಳಿದ್ದಾನೆ. ತನಗೆ ಬೇಕಾದ ಜಾಗದ ದೊಡ್ಡ ನಕ್ಷೆಯನ್ನು ಕರ್ಕ್‌ಪ್ಯಾಟ್ರಿಕ್ ದರ್ಬಾರಿನಲ್ಲಿ ಹರಡಿದಾಗ ನಿಜಾಮರು ಒಪ್ಪಲಿಲ್ಲವಂತೆ. ಅವರು ಕಂಡಿದ್ದ ರಾಜ್ಯದ ನಕ್ಷೆಗಳೇ ಹೆಚ್ಚುಕಡಿಮೆ ಅಷ್ಟು ದೊಡ್ಡವು! ಅದನ್ನೇ ಚಿಕ್ಕ ಕಾರ್ಡಿನ ಮೇಲೆ ಬರೆಸಿ ತಂದಾಗ ಅಪ್ಪಣೆ ಸಿಕ್ಕಿತು. ಕಟ್ಟಿದ ಖರ್ಚೂ ನಿಜಾಮರದೇ. ಹಣ ಅವರದು, ಮುಖಪಟ್ಟಿಯ ಮೇಲಿನ ಲಾಂಛನ ಕಂಪನಿಯದು. ಆ ಕಾಲದ ರಾಜಕೀಯ ತಿಳಿಯಲು ಇಷ್ಟು ಸಾಕು.

ಕರ್ಕ್‌ಪ್ಯಾಟ್ರಿಕ್ ಹೈದರಾಬಾದಿನ ದೊಡ್ಡ ಮನೆತನದ ಖೈರುನ್ನಿಸಾಳನ್ನು ಮದುವೆಯಾಗಿದ್ದ. ಅವಳಿಗಾಗಿ ಕಟ್ಟಿಸಿದ್ದ ಜನಾನಾ, ರಂಗ್ ಮಹಲ್, ಈಗ ಉಳಿದಿಲ್ಲ. ಪರದೆಯಲ್ಲಿದ್ದ ಅವಳು ಬಂಗಲೆಯ ಮುಂಭಾಗವನ್ನು ನೋಡುವಂತಿರಲಿಲ್ಲ, ಅದಕ್ಕೇ ತೋಟದಲ್ಲಿ ಇಡೀ ಕಟ್ಟಡದ ಪುಟ್ಟ ಪ್ರತಿಕೃತಿಯನ್ನು ಮಾಡಿಸಿದ ಎಂಬ ಕಥೆ ಇದೆ. ಕಥೆ ಏನೇ ಇರಲಿ, ಪ್ರತಿಕೃತಿಯಂತೂ ಇದೆ. ಕರ್ಕ್‌ಪ್ಯಾಟ್ರಿಕ್ 1805ರ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ಕಟ್ಟಡ ಪೂರ್ಣಗೊಂಡದ್ದನ್ನು ಅವನು ಕಾಣಲಿಲ್ಲ.

ನಮ್ಮ ಕನ್ನಡ ಜಿಲ್ಲೆಗಳ ಹಣೆಬರಹವನ್ನೂ ಈ ಕಂಬಗಳ ಹಿಂದೆ ಬರೆದದ್ದುಂಟು. ನಿಜಾಮರೊಡನೆ ಆದ 1853ರ ಒಪ್ಪಂದದಲ್ಲಿ ಬೇರಾರ್ ಜೊತೆಗೆ ರಾಯಚೂರು ದೋಆಬ್ ಕಂಪನಿಯ ಕೈಸೇರಿತು, ಮರಳಿದ್ದು 1860ರಲ್ಲಿ. ಅದೇ ವರ್ಷ ಸುರಪುರವೂ ನಿಜಾಮರ ಪಾಲಾಯಿತು. ಈ ನಡುವೆ 1857ರ ಬಂಡಾಯದಲ್ಲಿ, ಜುಲೈ 17ರಂದು, ಬಂಡಾಯಗಾರರಾದ ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ತಮ್ಮವರೊಡನೆ ರೆಸಿಡೆನ್ಸಿಯ ಮೇಲೆ ಏರಿ ಬಂದರು. ಆಮೇಲೆಯೇ ಸುತ್ತ ಭದ್ರವಾದ ಗೋಡೆ, ಬುರುಜು ಎದ್ದದ್ದು.

1949ರಲ್ಲಿ ಮಹಿಳಾ ಕಾಲೇಜು ಇಲ್ಲಿಗೆ ಬಂತು. ಹುಡುಗಿಯರ ಓಡಾಟವಿದ್ದುದರಿಂದಲೇ ಮನೆ ಉಳಿಯಿತು ಎಂದು ನಾನು ನಂಬಿದ್ದೇನೆ. ಆದರೂ ನೀರು ಇಳಿದು ಗಾರೆ ಉದುರಿತು. ಕಾಗದದ ಮುದ್ದೆಯಿಂದ ಮಾಡಿ ಬಣ್ಣ ಬರೆದ ದರ್ಬಾರ್ ಹಾಲಿನ ಒಳಮಾಡು ಹಾಳಾಯಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2002ರಲ್ಲಿ ಇದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ದುರಸ್ತಿ ಮುಗಿದು ಬಾಗಿಲು ಮತ್ತೆ ತೆರೆದದ್ದು 2023ರಲ್ಲಿ. ಕಾಲೇಜು ಈಗ ವಿಶ್ವವಿದ್ಯಾಲಯವಾಗಿದೆ, 2024ರಿಂದ ತೆಲಂಗಾಣ ರೈತ ಹೋರಾಟದ ಚಾಕಲಿ ಐಲಮ್ಮನ ಹೆಸರನ್ನು ಹೊತ್ತಿದೆ.

ಹಳೆಯ ಕಟ್ಟಡಕ್ಕೆ ಸಿಮೆಂಟ್ ಮೆತ್ತುವವರು ಒಂದು ಮಾತು ತಿಳಿದಿರಬೇಕು. ಸುಣ್ಣದ ಗಾರೆ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಗೋಡೆಯೊಳಗೇ ಕೂಡಿಹಾಕುತ್ತದೆ, ಒಳಗಿನ ಇಟ್ಟಿಗೆ ಶಿಥಿಲವಾಗುತ್ತದೆ. ಸುಣ್ಣಕ್ಕೆ ಸುಣ್ಣವೇ ಮದ್ದು. ನಮ್ಮೂರಿನ ಹಳೆ ಕಚೇರಿಗಳಿಗೆ ವರ್ಷವರ್ಷ ಸಿಮೆಂಟ್ ಬಳಿಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹೈದರಾಬಾದಿಗೆ ಹೋಗುವವರು ಕೋಠಿ ನೋಡಿದ ದಿನವೇ ಮೂಸಿ ದಾಟಿ ಚಾರ್‌ಮಿನಾರ್‌ಗೂ ಹೋಗಿ. 1591ರ ಆ ಕಟ್ಟಡದ ಕಮಾನುಗಳ ಮೇಲಿನ ಹೂಬಳ್ಳಿಯೂ ಗಾರೆಯದೇ. ಗ್ರೀಸ್ ಕಾಣದ ಕೈಗಳಿಗೆ ಗ್ರೀಕ್ ಎಲೆ ಅಷ್ಟು ಸಲೀಸಾಗಿ ಒಲಿದದ್ದು ಹೇಗೆಂದು ಅಲ್ಲಿ ತಿಳಿಯುತ್ತದೆ.