ಲೋಟದೊಳಗಿನ ಲೋಟ

ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಇಟ್ಟು ಮರೆತರೆ ಏನಾಗುತ್ತದೆಂದು ನಮ್ಮ ಕಡೆಯ ಅಡುಗೆಮನೆ ಕಂಡವರಿಗೆ ಹೇಳಬೇಕಿಲ್ಲ. ಕಚ್ಚಿಕೊಂಡುಬಿಡುತ್ತವೆ. ಎಳೆದರೂ ಬರುವುದಿಲ್ಲ, ತಿರುಚಿದರೂ ಬರುವುದಿಲ್ಲ. ಒಳಗಿನದಕ್ಕೆ ತಣ್ಣೀರು ಹೊಯ್ದು, ಹೊರಗಿನದನ್ನು ಬಿಸಿನೀರಲ್ಲಿ ಅದ್ದಿ, ಕಟ್ಟೆಗೆ ಒಮ್ಮೆ ಕುಟ್ಟಿದರೆ ಟಕ್ಕೆಂದು ಬಿಡುತ್ತವೆ. ಮೈಸೂರಿನ ಮನೆಯಲ್ಲಿ ಅಮ್ಮನಿಗೆ ಈ ಕೆಲಸ ಮಾಡಿಕೊಡುತ್ತಿದ್ದವನು ಈ ವಾರ ಫ್ಲಾರಿಡಾದಲ್ಲಿ ದೋಣಿಯ ಕೆಳಗೆ ಅಂಗಾತ ಮಲಗಿ ಅದೇ ಲೋಟಗಳನ್ನು ನೆನೆಸಿಕೊಳ್ಳಬೇಕಾಯಿತು.

ಕಳೆದ ಶನಿವಾರ ಕೆರೆಯಲ್ಲಿ ನೀರು ಕಡಿಮೆಯಿತ್ತು. ನನಗೆ ಗೊತ್ತಿತ್ತು, ಆದರೂ ದಡದ ಹತ್ತಿರ ತಿರುಗಿಸಿದೆ. ಸೈಪ್ರಸ್ ಮರದ ಮುಳುಗಿದ ಬೊಡ್ಡೆಯೊಂದು ‘ಧಡ್’ ಎಂದಿತು. ಆಮೇಲೆ ದೋಣಿ ಚಳಿಜ್ವರ ಬಂದವನ ಹಾಗೆ ನಡುಗಲು ಶುರು. ಪ್ರೊಪೆಲ್ಲರಿನ ಮೂರು ರೆಕ್ಕೆಗಳಲ್ಲಿ ಒಂದರ ತುದಿ ಹಪ್ಪಳದಂತೆ ಮಡಚಿಕೊಂಡಿತ್ತು.

ನನ್ನದು ನೀರಿನ ಮೇಲೆ ಜಾರುವ ಸ್ಕೀಯರನ್ನು ಹಗ್ಗದಿಂದ ಎಳೆಯುವ ಸ್ಕೀ ದೋಣಿ; ಅದರ ವಿಷಯ ಹೊಸಬರಿಗೆ ಎರಡು ಮಾತು. ಸಾಧಾರಣ ಮೋಟಾರು ದೋಣಿಗೆ ಎಂಜಿನ್ ಹಿಂದೆ ನೇತಾಡುತ್ತದೆ. ಇದರಲ್ಲಿ ಹಾಗಲ್ಲ; ಎಂಜಿನ್ ದೋಣಿಯ ನಟ್ಟನಡುವೆ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಅಲ್ಲಿಂದ ಒಂದು ಶಾಫ್ಟ್ ತಳವನ್ನು ತೂರಿ, ಓರೆಯಾಗಿ ಹಿಂದಕ್ಕೆ ಇಳಿದು, ಹೊಟ್ಟೆಯಡಿಯಲ್ಲೇ ಪ್ರೊಪೆಲ್ಲರ್ ತಿರುಗಿಸುತ್ತದೆ. ಅದರ ಬೆನ್ನಿಗೇ ಚುಕ್ಕಾಣಿ. ಭಾರ ನಡುವಿನಲ್ಲಿರುವುದರಿಂದ ಹಿಂದೆ ಏಳುವ ಅಲೆ ತಗ್ಗು, ದೋಣಿಯ ದಾರಿ ನೇರ. ಹಗ್ಗ ಹಿಡಿದು ಹಿಂದೆ ಬರುವವನಿಂದ ಪ್ರೊಪೆಲ್ಲರ್ ದೂರ. ಸ್ಲಾಲಮ್ ಎಂಬ ಆಟದಲ್ಲಿ 259 ಮೀಟರ್ ಉದ್ದದ ಪಟ್ಟಿಯಲ್ಲಿ ಆರು ತೇಲುಬುರುಡೆಗಳನ್ನು ಸುತ್ತಬೇಕು. ಗಂಡಸರ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರ್. ಎಲ್ಲ ಸೇರಿ ಹದಿನಾರು ಸೆಕೆಂಡು ಚಿಲ್ಲರೆ. ಸ್ಕೀಯರ್ ಪಕ್ಕಕ್ಕೆ ಜಗ್ಗಿದಾಗ ದೋಣಿ ಒಂದಿಷ್ಟು ಸೋತರೂ ಅವನ ಕೈಗೆ ಗೊತ್ತಾಗುತ್ತದೆ. ಹಾಗಾಗಿ ಈ ಜನ ಹೆಂಡತಿಯ ಹುಟ್ಟುಹಬ್ಬ ಮರೆತರೂ ಪ್ರೊಪೆಲ್ಲರ್ ಅಳತೆ ಮರೆಯುವುದಿಲ್ಲ.

ನನ್ನದು 13 × 13. ಮೊದಲಿನದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ ಅಂದರೆ ನೀರು ಮರದಂತೆ ಗಟ್ಟಿಯಾಗಿದ್ದಿದ್ದರೆ ಒಂದು ಸುತ್ತಿಗೆ ಸ್ಕ್ರೂವಿನ ಹಾಗೆ ಎಷ್ಟು ಮುಂದೆ ಹೋಗುತ್ತಿತ್ತು ಎಂಬ ಲೆಕ್ಕ. 58 ಕಿ.ಮೀ. ವೇಗಕ್ಕೆ ಇದು ನಿಮಿಷಕ್ಕೆ ಸುಮಾರು 2,930 ಸುತ್ತು ಬೇಡುತ್ತದೆ. ನೀರು ಜಾರುವುದರಿಂದ ನಿಜದಲ್ಲಿ ಮೂರು ಸಾವಿರ ದಾಟಿಯೇ ಓಡಬೇಕು. ಪಿಚ್ ಒಂದಿಂಚು ಇಳಿಸಿದರೆ ಸುಮಾರು 240 ಸುತ್ತು ಹೆಚ್ಚಾಗುತ್ತದೆ: ನಿಂತಲ್ಲಿಂದ ಏಳುವಾಗ ಎಳೆತ ಜಾಸ್ತಿ, ಓಡುವಾಗ ಎಂಜಿನ್ ಗದ್ದಲ ಜಾಸ್ತಿ. ನಾಲ್ಕು ರೆಕ್ಕೆಯದು ನುಣುಪಾಗಿ ಓಡುತ್ತದೆ ಎನ್ನುವವರಿದ್ದಾರೆ, ನಿಜವೂ ಹೌದು. ನಾನು ಮೂರಕ್ಕೇ ಒಗ್ಗಿಹೋದವನು. ಕೊಳ್ಳುವಾಗ ಪ್ರೊಪೆಲ್ಲರಿನ ನಡುವಿನ ಗುಂಬದ ಮೇಲೆ ಕೊರೆದ ಅಕ್ಷರ ಓದಿಕೊಳ್ಳಿ. ಎಡಕ್ಕೆ ತಿರುಗುವ ಶಾಫ್ಟಿಗೆ ಬಲಕ್ಕೆ ತಿರುಗುವ ಪ್ರೊಪೆಲ್ಲರ್ ಹಾಕಿದರೆ ದೋಣಿ ಹಿಂದಕ್ಕೆ ಹೊರಡುತ್ತದೆ. ಇದನ್ನು ಕಣ್ಣಾರೆ ಕಂಡಿದ್ದೇನೆ, ನಕ್ಕಿದ್ದೇನೆ, ಬೈಸಿಕೊಂಡಿದ್ದೇನೆ.

ಇನ್ನು ಲೋಟದ ವಿಷಯ. ಶಾಫ್ಟಿನ ತುದಿ ಹಿಂದಕ್ಕೆ ಹೋದಂತೆ ಸಣ್ಣಗಾಗುವ ಟೇಪರ್: ಹದಿನಾರು ಮಿಲಿಮೀಟರ್ ಉದ್ದಕ್ಕೆ ಒಂದು ಮಿಲಿಮೀಟರ್ ಇಳಿಕೆ. ಪ್ರೊಪೆಲ್ಲರ್ ಗುಂಬದ ಒಳಗೂ ಅದೇ ಇಳಿಜಾರು. ಪೀಣ್ಯದ ವರ್ಕ್‌ಶಾಪಿನಲ್ಲಿ ಎರಡು ವರ್ಷ ಗ್ರೀಸ್ ತಿಂದವನಾದ್ದರಿಂದ ನನಗೆ ಇದು ಹೊಸದಲ್ಲ. ದೊಡ್ಡ ಡ್ರಿಲ್ಲಿಂಗ್ ಮಷೀನಿನಲ್ಲಿ ಮೋರ್ಸ್ ಟೇಪರಿನ ಬಿಟ್ ಯಾವ ನಟ್ಟೂ ಇಲ್ಲದೆ ಕಚ್ಚಿಕೊಂಡು ಕಬ್ಬಿಣ ಕೊರೆಯುತ್ತದಲ್ಲ, ಅದೇ ಸಂಗತಿ. ಆದರೆ ದೋಣಿಯವರಲ್ಲಿ ಮುಕ್ಕಾಲು ಜನ ಪ್ರೊಪೆಲ್ಲರನ್ನು ಹಿಡಿದಿರುವುದು ನಟ್ ಎಂದೇ ನಂಬಿದ್ದಾರೆ. ಮುಂದೆ ಹೋಗುವಾಗ ನೀರು ಪ್ರೊಪೆಲ್ಲರನ್ನು ಶಾಫ್ಟಿನ ದಪ್ಪ ಬದಿಗೇ ಒತ್ತುತ್ತದೆ, ಓಡಿದಷ್ಟೂ ಬಿಗಿ. ನಟ್ಟಿಗೆ ನಿಜವಾದ ಕೆಲಸ ಬೀಳುವುದು ರಿವರ್ಸ್ ಹಾಕಿದಾಗ. ನಟ್ ಇಲ್ಲದ ಪ್ರೊಪೆಲ್ಲರ್ ದಿನವಿಡೀ ಸುಮ್ಮನಿದ್ದು, ಸಂಜೆ ದೋಣಿಯನ್ನು ಕಟ್ಟೆಗೆ ನಿಲ್ಲಿಸಲು ಹಿಂದಕ್ಕೆ ಎಳೆದಾಗಲೇ ಕಳಚಿಕೊಳ್ಳುವುದು ಅದಕ್ಕೇ.

ಬಿಚ್ಚುವಾಗ ಸುತ್ತಿಗೆ ತಗೊಂಡು ಗುಂಬಕ್ಕೆ ಬಡಿಯುವವರ ಕೈ ಹಿಡಿಯಬೇಕು. ಶಾಫ್ಟ್ ಬಾಗಿದರೆ ಖರ್ಚು ಹತ್ತು ಪಟ್ಟು. ಕಾಟರ್ ಪಿನ್ ತೆಗೆದು, ರೆಕ್ಕೆ ತಿರುಗದಂತೆ ಮರದ ತುಂಡು ಕೊಟ್ಟು, ನಟ್ಟನ್ನು ಸಡಿಲಿಸಿ. ಪೂರ್ತಿ ತೆಗೆಯಬೇಡಿ, ನಾಲ್ಕು ಸುತ್ತು ಉಳಿಸಿ. ಪುಲ್ಲರ್ ಹಾಕಿ ಬೋಲ್ಟ್ ಬಿಗಿಮಾಡುತ್ತಾ ಹೋಗಿ, ಇನ್ನು ತಿರುಗದು ಅನ್ನಿಸಿದಾಗ ಪುಲ್ಲರಿನ ತಲೆಗೆ ಒಂದೇ ಒಂದು ಪೆಟ್ಟು. ಗುಂಡು ಹೊಡೆದಂಥ ಸದ್ದಿನೊಡನೆ ಅದು ಬಿಟ್ಟುಕೊಳ್ಳುತ್ತದೆ. ಉಳಿಸಿದ ಆ ನಾಲ್ಕು ಸುತ್ತು ನಿಮ್ಮ ಮೊಣಕಾಲು ಕಾಪಾಡುತ್ತದೆ. ಉತ್ತರದ ಮಿನ್ನೆಸೋಟದಲ್ಲಿ ಸೊಂಟದುದ್ದ ನೀರಲ್ಲಿ ನಿಂತೇ ಇದನ್ನೆಲ್ಲ ಮಾಡುವವರಿದ್ದಾರೆ. ನಮ್ಮ ಕೆರೆಗಳಲ್ಲಿ ಮೊಸಳೆಯ ಸಂಬಂಧಿಕ ಅಲಿಗೇಟರ್ ಇರುವುದರಿಂದ ನನಗೆ ಟ್ರೇಲರೇ ಸಾಕು.

ಹೊಸದನ್ನು ಕೂರಿಸುವುದೇ ಕಲೆ. ಮೊದಲು ಕೀ (ಶಾಫ್ಟಿಗೂ ಗುಂಬಕ್ಕೂ ನಡುವೆ ಕೂರುವ ಲೋಹದ ತುಂಡು) ಹಾಕದೆ, ಬರಿ ಒಣ ಟೇಪರಿನ ಮೇಲೆ ಪ್ರೊಪೆಲ್ಲರನ್ನು ಕೈಯಿಂದ ಒತ್ತಿ ಕೂರಿಸಿ, ಗುಂಬದ ಮುಂದಂಚು ನಿಂತ ಕಡೆ ಶಾಫ್ಟಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ತೆಗೆದು, ಕೀ ಕೂರುವ ಗಾಡಿ, ಅಂದರೆ ಕೀವೇ, ಮೇಲ್ಮುಖವಾಗಿ ಬರುವಂತೆ ಶಾಫ್ಟ್ ತಿರುಗಿಸಿ, ಕೀ ಇಟ್ಟು ಮತ್ತೆ ಕೂರಿಸಿ. ಅದೇ ಗೆರೆಗೆ ಬಂತೇ? ಸರಿ. ಒಂದು ಕಡ್ಡಿಯಷ್ಟು ಹಿಂದೆಯೇ ನಿಂತಿತೇ? ಹಾಗಾದರೆ ಪ್ರೊಪೆಲ್ಲರ್ ಟೇಪರಿನ ಮೇಲಲ್ಲ, ಕೀಯ ತಲೆಯ ಮೇಲೆ ಕೂತಿದೆ. ಈಗ ನಟ್ ಎಷ್ಟು ಬಿಗಿದರೂ ಅದು ಸುಳ್ಳು ಬಿಗಿ. ಕೀ ಪಕ್ಕಗಳಲ್ಲಿ ಬಿಗಿಯಾಗಿರಬೇಕು, ಮೇಲೆ ಕೂದಲೆಳೆ ಸಂದಿರಬೇಕು. ನನ್ನದು ಗೆರೆ ಮುಟ್ಟಲಿಲ್ಲ. ಅರದಿಂದ ಕೀಯ ತಲೆಯನ್ನು ನಾಲ್ಕೈದು ಸಲ ಸವರಿದ ಮೇಲೆ ಮುಟ್ಟಿತು.

ಆಮೇಲೆ ಶಾಫ್ಟಿಗೆ ಮಾರ್ಕಿಂಗ್ ಬ್ಲೂ ತೆಳ್ಳಗೆ ಹಚ್ಚಿ ನೋಡಿದೆ. ಗುಂಬದ ಒಳಗೆ ನೀಲಿ ಅಂಟಿದ್ದು ದಪ್ಪ ತುದಿಗೆ ಮಾತ್ರ. ಅಂದರೆ ಲೋಟಗಳು ಬಾಯಲ್ಲಿ ಮಾತ್ರ ಮುಟ್ಟುತ್ತಿದ್ದವು. ಕೀ ತೆಗೆದು, ವಾಲ್ವ್ ಕೂರಿಸುವಾಗ ಬಳಸುವ ಗ್ರೈಂಡಿಂಗ್ ಪೇಸ್ಟನ್ನೇ ಹಚ್ಚಿ, ಪ್ರೊಪೆಲ್ಲರನ್ನು ಅತ್ತಿತ್ತ ಉಜ್ಜಿ, ಒರೆಸಿ, ಮತ್ತೆ ನೀಲಿ. ಮೂರನೆಯ ಸಲ ಒಳಗೆಲ್ಲ ಸಮನಾಗಿ ಬಣ್ಣ ಬಂತು. ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆದೆ. ಟೇಪರಿಗೆ ಗ್ರೀಸ್ ಹಚ್ಚಬೇಕೋ ಬೇಡವೋ ಎಂಬ ಜಗಳ ದೋಣಿಕಟ್ಟೆಗಳಲ್ಲಿ ಮುಗಿಯುವಂಥದ್ದಲ್ಲ. ನಾನು ಹಚ್ಚುವುದಿಲ್ಲ.

ಬೊಡ್ಡೆಗೆ ಬಡಿದ ದೋಣಿಯಾದ್ದರಿಂದ ಶಾಫ್ಟ್ ಎಂಜಿನ್ನಿಗೆ ಸೇರುವ ಕಪ್ಲಿಂಗನ್ನೂ ಫೀಲರ್ ಗೇಜಿನಿಂದ ನೋಡಿದೆ. ಸುತ್ತಲೂ ಸಂದಿನ ವ್ಯತ್ಯಾಸ ಮೂರು ಥೌ, ಅಂದರೆ ಇಂಚಿನ ಸಾವಿರದಲ್ಲಿ ಮೂರು ಭಾಗ, ಮೀರಬಾರದು. ಎರಡರಲ್ಲಿ ನಿಂತಿತು, ಬಚಾವ್. ಹೊಸ ನಟ್, ಹೊಸ ಕಾಟರ್ ಪಿನ್.

ಮರುದಿನ ಬೆಳಿಗ್ಗೆ ಕೆರೆ ಕನ್ನಡಿಯಂತಿತ್ತು. ಅರ್ಧ ಗಂಟೆ ಓಡಿಸಿದೆ; ಡ್ಯಾಶ್‌ಬೋರ್ಡಿನ ಮೇಲಿಟ್ಟ ಕಾಫಿ ಲೋಟದಲ್ಲಿ ಅಲುಗಾಟವಿಲ್ಲ. ವಾಪಸ್ ಟ್ರೇಲರಿಗೆ ಏರಿಸಿ, ಪಿನ್ ತೆಗೆದು ನಟ್ಟಿಗೆ ಸ್ಪ್ಯಾನರ್ ಕೊಟ್ಟರೆ ಇನ್ನೂ ಕಾಲು ಸುತ್ತು ತಿರುಗಿತು.